ಹದಿನಾಲ್ಕನೇ ನಂಬರಿನ ಎರಡು ಬೀಗ

ಕಳೆದ ಮಂಗಳವಾರ ನಮ್ಮ ಬಿಲ್ಡಿಂಗಿನಲ್ಲಿ ನಾನು ಕಳ್ಳಿ ಅಂತ ಸಾಬೀತಾಯಿತು.

ಕದ್ದದ್ದು ಚಿನ್ನವಲ್ಲ, ಹೊತ್ತು. ಬಟ್ಟೆ ಒಗೆಯುವ ಮೂರು ಗಂಟೆ ಹೊತ್ತು. ಸ್ವೀಡನ್ನಿನ ಈ ಸೊಲ್ಲೆಂಟುನಾ ಊರಿನಲ್ಲಿ ಚಿನ್ನ ಕದ್ದರೆ ಪೊಲೀಸರು ಬರುತ್ತಾರೆ. ಒಗೆಯುವ ಹೊತ್ತು ಕದ್ದರೆ ಚೀಟಿ ಬರುತ್ತದೆ. ಪೊಲೀಸರೇ ವಾಸಿ.

ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಇಡೀ ಬಿಲ್ಡಿಂಗಿಗೆ ಕೆಳಗಡೆ ಒಂದು ಒಗೆಯುವ ಕೋಣೆ. ಬಾಗಿಲ ಪಕ್ಕದಲ್ಲಿ ಒಂದು ಬೋರ್ಡು. ಬೋರ್ಡಿನಲ್ಲಿ ತಿಂಗಳ ದಿನಗಳು ಸಾಲಾಗಿ, ದಿನಕ್ಕೆ ನಾಲ್ಕು ತೂತು. ಮನೆಗೊಂದು ಬೆರಳುದ್ದದ ಬೀಗ, ಅದರ ಮೇಲೆ ಮನೆ ನಂಬರು. ಬೇಕಾದ ದಿನದ ತೂತಿಗೆ ಬೀಗ ಸಿಕ್ಕಿಸಿ ಕೀಲಿ ತಿರುಗಿಸಿದರೆ ಆ ಹೊತ್ತು ನಿಮ್ಮದು. ಒಗೆದು ಮುಗಿದ ಮೇಲೆ ಅದೇ ಬೀಗ ತೆಗೆದು ಇನ್ನೊಂದು ದಿನಕ್ಕೆ ಸಿಕ್ಕಿಸಬೇಕು. ಬೀಗ ಒಂದೇ ಇರುವುದರಿಂದ ಯಾರೂ ಎರಡು ಹೊತ್ತು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಕಾವಲುಗಾರ ಬೇಡ, ಜಗಳ ಬೇಡ. ಬುದ್ಧಿವಂತರು.

ಆದರೆ ಅಡುಗೆಮನೆ ಕಪಾಟಿನ ಮೇಲಿನ ಡಬ್ಬದಲ್ಲಿ, ಹಿಂದಿನ ಮನೆಯವರು ಬಿಟ್ಟುಹೋದ ಸಾಮಾನಿನ ನಡುವೆ, ನನಗೆ ಇನ್ನೊಂದು ಬೀಗ ಸಿಕ್ಕಿತು. ಅದರ ಮೇಲೂ ಹದಿನಾಲ್ಕು ಅಂತಲೇ ಇತ್ತು. ಕೀಲಿಯೂ ಜೊತೆಗೇ ಇತ್ತು. ನೀವಾದರೆ ಏನು ಮಾಡುತ್ತಿದ್ದಿರಿ?

(ಸುಳ್ಳು ಹೇಳಬೇಡಿ.)

ಮೊಮ್ಮಗಳಿಗೆ ನಾಲ್ಕು ವರ್ಷ. ಹಿಮ ಕರಗುವ ಈ ತಿಂಗಳಲ್ಲಿ ದಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ದಿನಾ ಅರ್ಧ ಕೇಜಿ ಕೆಸರು ಮೈಮೇಲೆ ಹೊತ್ತು ಬರುತ್ತಾಳೆ. ವಾರಕ್ಕೊಂದು ಸಲ ಒಗೆದರೆ ಸಾಕಾಗುತ್ತದಾ? ಎರಡೂ ಬೀಗ ಹಾಕಿದೆ. ಒಂದು ಸೋಮವಾರಕ್ಕೆ, ಒಂದು ಗುರುವಾರಕ್ಕೆ. ಒಂದೂವರೆ ತಿಂಗಳು ಸುಖವಾಗಿದ್ದೆ.

ಮಂಗಳವಾರ ಬಾಗಿಲಿಗೆ ಚೀಟಿ ಅಂಟಿತ್ತು. ಮುತ್ತು ಪೋಣಿಸಿದಂಥ ಅಕ್ಷರ, ಕೆಳಗೆ ನಗುವ ಮುಖದ ಚಿತ್ರ. ಸ್ವೀಡಿಷ್ ಓದುವಷ್ಟು ನನಗೆ ಬರುವುದಿಲ್ಲ. ಚೀಟಿ ಹಿಡಿದುಕೊಂಡು ಸೊಸೆ ಸುಮಾ ಕೂತಿದ್ದ ಟೇಬಲ್ಲಿಗೆ ಹೋದೆ.

"ಏನು ಬರೆದಿದ್ದಾರೆ ನೋಡು ಮಾರಾಯ್ತಿ."

ಅವಳು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಓದಿದಳು. "ಒಂದು ಮನೆಗೆ ಒಂದು ಬೀಗ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ. ಹದಿನಾಲ್ಕನೇ ಮನೆಯವರದು ಎರಡು ಇದೆ. ದಯವಿಟ್ಟು. ಗುನಿಲ್ಲ, ಒಂಬತ್ತನೇ ಮನೆ."

ಈ ಊರಿನಲ್ಲಿ ಬರೀ 'ದಯವಿಟ್ಟು' ಅಂತ ಬರೆದು ನಿಲ್ಲಿಸಿದರೆ ಕಪಾಳಕ್ಕೆ ಬಿಟ್ಟ ಹಾಗೆ.

ಬೇರೆ ದಿನವಾಗಿದ್ದರೆ ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವತ್ತು ಚೀಟಿ ವಾಪಸ್ ಕೊಟ್ಟು ಮುಖ ತಿರುಗಿಸಿದಳು. ಕಾರಣ ಇತ್ತು.

ಸುಮಾ ನಮ್ಮೂರ ಕಡೆ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟವಳು. ಇಲ್ಲಿಗೆ ಬಂದು ಸ್ವೀಡಿಷ್ ಕಲಿತಳು, ಮಗು ಹೆತ್ತಳು, ಕೊನೆಗೆ ಕಂಪ್ಯೂಟರ್ ಪ್ರೋಗ್ರಾಮಿಂಗಿನ ಎರಡು ವರ್ಷದ ಕೋರ್ಸಿಗೆ ಸೇರಿದಳು. ಅದರಲ್ಲಿ ಜಾವಾ ಅಂತ ಒಂದು ಭಾಷೆ, ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ. ಗುರುವಾರ ಅವಳು ಬರೆದ ಪ್ರೋಗ್ರಾಮನ್ನು ಮೇಷ್ಟ್ರ ಮುಂದೆ ಓಡಿಸಿ ತೋರಿಸಬೇಕು. ಯಾವ ಸಾಲು ಯಾಕೆ ಬರೆದೆ ಅಂತ ಕೇಳಿದರೆ ಉತ್ತರ ಕೊಡಬೇಕು. ಪಾಸಾದರೆ ಶೀಸ್ತಾ ಅನ್ನುವ ಪಕ್ಕದ ಊರಿನ ಒಂದು ಆಫೀಸಿನಲ್ಲಿ ಆರು ತಿಂಗಳು ಕೆಲಸ ಕಲಿಯುವ ಜಾಗ. ಇಲ್ಲದಿದ್ದರೆ ಆ ಜಾಗ ಮುಂದಿನವರಿಗೆ. ಇವಳು ಮತ್ತೆ ಒಂದು ವರ್ಷ ಕಾಯಬೇಕು. ವಯಸ್ಸು ಮೂವತ್ತೈದು ದಾಟಿದೆ. ಮತ್ತೊಂದು ವರ್ಷ ಮನೆಯಲ್ಲಿ ಕೂತರೆ ಅವಳು ಇನ್ನು ಹೊರಗೆ ಕಾಲಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಮನೆಯಲ್ಲೇ ಜಾವಾ ಬಲ್ಲವನು ಒಬ್ಬ ಇದ್ದಾನಲ್ಲ ಅಂತೀರಾ? ಇದ್ದಾನೆ. ನನ್ನ ಮಗ ಹರೀಶ, ಹದಿನೈದು ವರ್ಷದಿಂದ ಅದೇ ಕೆಲಸ. ಭಾನುವಾರ ಸುಮಾ ಅವನನ್ನು ಕೇಳಿದಳು.

"ಇಷ್ಟೇನಾ? ಇದು ತೀರಾ ಬೇಸಿಕ್ ಅಲ್ವಾ? ಕೊಡು ಇಲ್ಲಿ, ಎರಡು ನಿಮಿಷ" ಅಂದವನೇ ಲ್ಯಾಪ್‌ಟಾಪ್ ಎಳೆದುಕೊಂಡ. ಟಕಟಕ ಕುಟ್ಟಿದ. ಸರಿಯಾಯಿತು ಅಂದ. ಎದ್ದು ಹೋದ.

ಅವನು ಆಚೆ ಹೋದ ಮೇಲೆ ಸುಮಾ ಅವನು ಬರೆದದ್ದನ್ನೆಲ್ಲ ಅಳಿಸಿದಳು.

"ಹುಚ್ಚಾ ನಿನಗೆ?" ಅಂದೆ.

"ಯಾಕೆ ಹೀಗೆ ಬರೆದೆ ಅಂತ ಮೇಷ್ಟ್ರು ಕೇಳಿದರೆ ನನ್ನ ಗಂಡ ಬರೆದರು ಅಂತ ಹೇಳಲಾ ಅತ್ತೆ?"

ನಾನು ಲ್ಯಾಪ್‌ಟಾಪಿನ ಪಕ್ಕ ಒಂದು ಲೋಟ ಚಹಾ ಇಟ್ಟು ಬಂದೆ.

ಹಾಗಾಗಿ ಮಂಗಳವಾರ ಅವಳು ಹಾಗೆ ಮುಖ ತಿರುಗಿಸಿದ್ದು. "ಅತ್ತೆ, ನಿಮ್ಮ ಬೀಗದ ಪಂಚಾಯಿತಿ ಆಮೇಲೆ ಮಾಡೋಣ. ಇಲ್ಲೂ ನನಗೆ ಅದೇ ತಲೆಬಿಸಿ."

"ಅದೇ ಅಂದರೆ?"

"ಮೇಷ್ಟ್ರು ಮಾಡೋಕೆ ಕೊಟ್ಟದ್ದೇ ಒಗೆಯೋ ಕೋಣೆ ಬುಕ್ ಮಾಡುವ ಪ್ರೋಗ್ರಾಮು. ಒಂದು ಮನೆಗೆ ಒಂದೇ ಹೊತ್ತು ಅಂತ ರೂಲ್ ಹಾಕಿದ್ದೇನೆ. ಆದರೂ ಹದಿನಾಲ್ಕನೇ ಮನೆ ಎರಡು ಸಲ ಬುಕ್ ಆಗ್ತಿದೆ. ಇವೆರಡೂ ಒಂದೇನಾ ಅಂತ ಕೇಳಿದರೆ ಕಂಪ್ಯೂಟರ್ ಅಲ್ಲ ಅಂತದೆ! ಎರಡರಲ್ಲೂ ಹದಿನಾಲ್ಕು ಅಂತ ಕಣ್ಣಿಗೆ ಕಾಣ್ತಿದೆ!"

"ಅದಕ್ಕೂ ಎರಡು ಬೀಗ ಸಿಕ್ಕಿರಬೇಕು" ಅಂದೆ.

ತಮಾಷೆಗೆ ಹೇಳಿದ್ದಲ್ಲ. ನನ್ನ ತಲೆಯಲ್ಲಿ ಇನ್ನೂ ಗುನಿಲ್ಲಳ ಚೀಟಿಯೇ ಕೊರೆಯುತ್ತಿತ್ತು. ಆದರೆ ಸುಮಾಳ ಕೈ ನಿಂತಿತು.

"ಏನಂದ್ರಿ?"

"ಈ ಎರಡು ಬೀಗ ಹಿಡಿದುಕೊಂಡು 'ಇದು ಅದೇ ಬೀಗವಾ' ಅಂತ ಕೇಳಿದರೆ ಯಾರಾದರೂ ಅಲ್ಲ ಅಂತಲೇ ಹೇಳಬೇಕು. ಅದು ಬೇರೆ, ಇದು ಬೇರೆ. ನೀನು ಕೇಳಬೇಕಾದ್ದು ನಂಬರು ಒಂದೇನಾ ಅಂತ."

ಅವಳು ಲ್ಯಾಪ್‌ಟಾಪ್ ನೋಡಿದಳು. ನನ್ನ ನೋಡಿದಳು. ಮತ್ತೆ ಲ್ಯಾಪ್‌ಟಾಪ್. ಆಮೇಲೆ ಅವಳು ವಿವರಿಸಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಯಾರಾದರೂ ಬುಕ್ ಮಾಡಲು ಬಂದಾಗಲೆಲ್ಲ ಅವಳ ಪ್ರೋಗ್ರಾಮು 'ಹದಿನಾಲ್ಕು' ಅಂತ ಬರೆದ ಹೊಸ ಬೀಗ ತಯಾರು ಮಾಡಿ ಕೈಗೆ ಕೊಡುತ್ತಿತ್ತು. ಹೀಗೆ ತಯಾರಾದ ಒಂದೊಂದನ್ನೂ ಅವರು ಆಬ್ಜೆಕ್ಟ್ ಅನ್ನುತ್ತಾರೆ. ಎರಡು ಆಬ್ಜೆಕ್ಟುಗಳ ನಡುವೆ == ಅಂತ ಎರಡು ಸಮ ಗುರುತು ಹಾಕಿದರೆ 'ಇವೆರಡೂ ಅದೇ ಒಂದು ವಸ್ತುವಾ' ಅಂತ ಕೇಳಿದ ಹಾಗೆ. ಅಲ್ಲ ಅಂತ ಉತ್ತರ ಬರುತ್ತಿತ್ತು. ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯೇ ತಪ್ಪಿತ್ತು.

"ಒಳಗೆ ಇರೋದು ಒಂದೇನಾ ಅಂತ ಕೇಳೋಕೆ ಈಕ್ವಲ್ಸ್ ಅಂತ ಬೇರೆ ಇದೆ ಅತ್ತೆ!" ಅಂತ ಕೂಗಿ, == ತೆಗೆದು ಅದನ್ನು ಹಾಕಿದಳು. ಓಡಿಸಿದಳು.

ಮತ್ತೆ ಅದೇ ಉತ್ತರ. ಅಲ್ಲ.

ಸುಮಾ ಎರಡೂ ಕೈ ಮುಖಕ್ಕೆ ಮುಚ್ಚಿಕೊಂಡಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಲ್ಕನಿಗೆ ಹೋದೆ, ಚಳಿ, ಒಳಗೆ ಬಂದೆ. ಒಲೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಯಾವುದರಲ್ಲಿ ಒಂದೇ ಅಂತ ಅದಕ್ಕೆ ಹೇಳಿದ್ಯಾ?" ಅಂತ ಒಲೆ ಹತ್ತಿರದಿಂದಲೇ ಕೇಳಿದೆ.

"ಹೇಳಬೇಕಾ?"

ಹೇಳಬೇಕಲ್ಲ! ನಾನು ಓದಿದ್ದು ಏಳನೇ ಕ್ಲಾಸು. ಆದರೆ ಕುಂದಾಪುರದಲ್ಲಿ ಮೂವತ್ತು ವರ್ಷ ರವಿಕೆ ಹೊಲಿದಿದ್ದೇನೆ. ಹೆಂಗಸರು ಅಳತೆ ರವಿಕೆ ತಂದು ಮೇಜಿನ ಮೇಲೆ ಹಾಕಿ 'ಇದೇ ತರ' ಅಂದು ಬಸ್ಸಿಗೆ ಓಡುತ್ತಾರೆ. ಇದೇ ತರ ಅಂದರೆ ಯಾವ ತರ? ಕತ್ತು ಇದೇ ತರವಾ, ತೋಳಾ, ಉದ್ದವಾ? ಮೊದಮೊದಲು ನನಗೂ ತಿಳಿದಿರಲಿಲ್ಲ. ಒಬ್ಬಾಕೆಗೆ ಇದ್ದದ್ದು ಇದ್ದ ಹಾಗೇ ಹೊಲಿದುಕೊಟ್ಟೆ. ಹಿಂದಿನ ಟೈಲರ್ ಎಡಗಡೆ ತೋಳನ್ನು ಅರ್ಧ ಇಂಚು ಗಿಡ್ಡ ಮಾಡಿದ್ದ. ನಾನೂ ಅರ್ಧ ಇಂಚು ಗಿಡ್ಡ ಮಾಡಿದೆ. ಆಕೆ ಅಂಗಡಿಗೆ ಬಂದು, "ಅಳತೆಗೆ ಕೊಟ್ಟರೆ ತಪ್ಪನ್ನೂ ಅಳೆಯೋದಾ?" ಅಂತ ನಾಲ್ಕು ಜನರ ಮುಂದೆ ಕೇಳಿದಳು. ಅವತ್ತಿಂದ ಕತ್ತು, ತೋಳು, ಉದ್ದ, ಯಾವುದು ಬೇಕು ಯಾವುದು ಬೇಡ ಅಂತ ಕೇಳಿ ಬರೆದುಕೊಳ್ಳದೆ ಬಟ್ಟೆ ಮುಟ್ಟಿಲ್ಲ.

ಸುಮಾ ನೋಟ್ಸ್ ತೆರೆದು ಬೆರಳಿಟ್ಟು ಓದಿದಳು. ಹೌದಂತೆ. ಯಾವುದನ್ನು ಹೋಲಿಸಬೇಕು ಅಂತ ನಾವು ಬರೆದುಕೊಡದಿದ್ದರೆ ಈಕ್ವಲ್ಸ್ ಕೂಡ 'ಅದೇ ವಸ್ತುವಾ' ಅಂತಷ್ಟೇ ನೋಡುತ್ತದಂತೆ.

"ನಂಬರ್ ನೋಡು ಅಂತೇನೆ. ಹೆಸರೂ ಹಾಕಲಾ ಅತ್ತೆ? ಬುಕ್ ಮಾಡಿದವರ ಹೆಸರು?"

"ಹಾಕಿದರೆ ಸೋಮವಾರ ನಿನ್ನ ಹೆಸರಲ್ಲಿ, ಗುರುವಾರ ಗಂಡನ ಹೆಸರಲ್ಲಿ ಎರಡು ಸಲ ಒಗೀತೀರಿ. ಕಳ್ಳಿಯ ಮಾತು ಕೇಳು, ನಂಬರ್ ಒಂದೇ ಸಾಕು."

ಆಗ ನಕ್ಕಳು. ನಾಲ್ಕು ದಿನದಲ್ಲಿ ಮೊದಲ ಸಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮವರು ನಾಲ್ಕು ಜನ ಸೇರಿದಲ್ಲೆಲ್ಲ ಹೋಲಿಸುವುದೇ ಕೆಲಸ. ಮೊನ್ನೆ ಯಾರದೋ ಮನೆಯ ಫೀಕಾದಲ್ಲಿ, ಅಂದರೆ ಕಾಫಿ ಕೂಟದಲ್ಲಿ, ಕಾಫಿ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಒಬ್ಬರು ಕೇಳಿದರು: "ನಮ್ಮ ಸೊಸೆಗೆ ಮಾಲ್ಮೋದಲ್ಲಿ ಎಂಟೇ ತಿಂಗಳಿಗೆ ಕೆಲಸ ಆಯ್ತು. ನಿಮ್ಮವಳೂ ಅದೇ ಬ್ಯಾಚಲ್ವಾ ಬಂದದ್ದು?" ಅದೇ ವರ್ಷ ವಿಮಾನ ಹತ್ತಿದರೆ ಇಬ್ಬರೂ ಒಂದೇನಾ? ಆಕೆ ಊರಲ್ಲೇ ಅದೇ ಕೆಲಸ ಮಾಡುತ್ತಿದ್ದಳು, ಮಗು ಇರಲಿಲ್ಲ. ಯಾವುದನ್ನು ಯಾವುದಕ್ಕೆ ಹಿಡಿದು ನೋಡುತ್ತಿದ್ದೀರಿ ಅಂತ ಮೊದಲು ಹೇಳಿ, ಆಮೇಲೆ ಹೋಲಿಸಿ. ಕಂಪ್ಯೂಟರಿಗೇ ಅಷ್ಟು ಹೇಳಬೇಕಂತೆ. (ಆ ಮನೆಯಲ್ಲಿ ಅಷ್ಟೆಲ್ಲ ಹೇಳಲಿಲ್ಲ. "ನಿಮ್ಮ ಕೇಕು ಗಟ್ಟಿಯಾಗಿದೆ" ಅಂತಷ್ಟೇ ಹೇಳಿ ಬಂದೆ.)

ಬುಧವಾರ ಇನ್ನೊಂದು ರಗಳೆ ಶುರುವಾಯಿತು. ಈಕ್ವಲ್ಸ್ ಬರೆಯುವಾಗ ಹೋಲಿಸಲು ಬಂದ ಎರಡನೇ ವಸ್ತುವನ್ನು ಜಾವಾ 'ಯಾವುದೋ ಒಂದು ಆಬ್ಜೆಕ್ಟ್' ಅಂತಷ್ಟೇ ಕೈಗೆ ಕೊಡುತ್ತದಂತೆ. ಕಟ್ಟಿದ ಗಂಟು ಕೊಟ್ಟ ಹಾಗೆ. (ನಾನು ಬೀಗ ಅಂದದ್ದಕ್ಕೆ ಅವಳ ಪ್ರೋಗ್ರಾಮಿನಲ್ಲಿ ಮನೆ ಅಂತ ಹೆಸರು.) ಅದರ ಮನೆ ನಂಬರು ಓದಬೇಕಾದರೆ ಮೊದಲು 'ಇದು ಮನೆ' ಅಂತ ನಾವು ಹೇಳಬೇಕು. ಅದಕ್ಕೆ ಕಾಸ್ಟಿಂಗ್ ಅಂತ ಹೆಸರು.

"ಅದು ಮನೆಯೇ ಅಂತ ನಿನಗೆ ಹೇಗೆ ಗೊತ್ತು?" ಅಂದೆ.

"ನಾನೇ ಹೇಳ್ತೇನಲ್ಲ ಅತ್ತೆ."

"ನೀನು ಹೇಳಿದ ಕೂಡಲೇ ಅದು ಮನೆ ಆಗಿಬಿಡುತ್ತದಾ?"

"ಆಗಲ್ಲ. ಇರೋದು ಏನೋ ಅದೇ ಇರುತ್ತೆ. ನಿಜವಾಗಿ ಮನೆಯಾಗಿದ್ದರೆ ಸರಿ. ಇಲ್ಲದಿದ್ದರೆ ಓಡುವಾಗ ನಡುದಾರಿಯಲ್ಲಿ ನಿಂತು ಕೆಂಪು ಅಕ್ಷರದಲ್ಲಿ ಬೈಯುತ್ತೆ."

"ಬರೆಯುವಾಗ ಬೈಯಲ್ವಾ?"

"ಬರೆಯುವಾಗ ನಮ್ಮ ಮಾತು ನಂಬುತ್ತೆ."

"ಮತ್ತೆ, ಗಂಟು ಬಿಚ್ಚಿ ನೋಡಿ ಹೇಳು."

"ನೋಡೋಕೆ ದಾರಿ ಇದೆ. ಇದು ಮನೆಯಾ ಅಂತ ಮೊದಲು ಒಂದು ಸಾಲಲ್ಲಿ ಕೇಳಬಹುದು, ಇನ್‌ಸ್ಟನ್ಸ್‌ಆಫ್ ಅಂತ. ಆದರೆ ನಮ್ಮಲ್ಲಿ ಬುಕ್ ಮಾಡೋದು ಮನೆಯವರೇ ತಾನೇ? ಮತ್ತೆ ಯಾರು ಬರ್ತಾರೆ?"

ಅಂಗಡಿಯಲ್ಲಿ 'ಲೈನಿಂಗ್' ಅಂತ ಚೀಟಿ ಸಿಕ್ಕಿಸಿದ್ದ ಒಂದು ಗಂಟನ್ನು ಬಿಡಿಸಿಯೂ ನೋಡದೆ ಕತ್ತರಿ ಹಾಕಿದ್ದೆ ಅಂತ ಅವಳಿಗೆ ಹೇಳಿದೆ. ಒಳಗಿದ್ದದ್ದು ಒಬ್ಬರ ಮದುವೆಯ ಪಂಚೆ. ಚೀಟಿ ಬರೆದವಳೂ ನಾನೇ.

"ಹ್ಞೂಂ ಹ್ಞೂಂ" ಅಂದಳು. ಕೇಳಿಸಿಕೊಳ್ಳಲಿಲ್ಲ. ದಣಿದಿದ್ದಳು. ಪ್ರೋಗ್ರಾಮು ಓಡುತ್ತಿತ್ತು, ಹದಿನಾಲ್ಕನೇ ಮನೆ ಎರಡನೇ ಸಲ ಬಂದರೆ ಬಾಗಿಲು ಹಾಕುತ್ತಿತ್ತು. ಓಡುವುದನ್ನು ಯಾರು ಮುಟ್ಟುತ್ತಾರೆ?

ಗುರುವಾರ ಎಂಟಕ್ಕೆ ಹೊರಟಳು. ಪರೀಕ್ಷೆ ಹನ್ನೊಂದಕ್ಕೆ. ಹರೀಶ ಮಗುವನ್ನು ದಾಗಿಸ್‌ಗೆ ಬಿಟ್ಟು ಆಫೀಸಿಗೆ ಹೋದ. ಮನೆಯಲ್ಲಿ ನಾನೊಬ್ಬಳೇ. ಬೀನ್ಸ್ ಹೆಚ್ಚಿದೆ. ಟೀವಿ ಹಾಕಿದೆ, ಆರಿಸಿದೆ. ಗಡಿಯಾರ ನೋಡಿದೆ, ಒಂಬತ್ತು ಹತ್ತು. ಇನ್ನೊಂದು ಸಲ ನೋಡಿದೆ, ಒಂಬತ್ತು ಹದಿನಾಲ್ಕು. ನಾನು ಹೆರುವಾಗಲೂ ಹೀಗೆ ಒದ್ದಾಡಿರಲಿಲ್ಲ.

ಸರಿ, ಆ ಕಳ್ಳ ಬೀಗವನ್ನಾದರೂ ವಾಪಸ್ ಕೊಡೋಣ ಅಂತ ಹತ್ತೂವರೆಗೆ ಕೆಳಗೆ ಹೋದೆ. ಬೋರ್ಡಿನಿಂದ ಬೀಗ ತೆಗೆಯುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ಗುನಿಲ್ಲ! ಬೆಳ್ಳಗಿನ ಕೂದಲು, ಕೈಯಲ್ಲಿ ಬಟ್ಟೆ ಬುಟ್ಟಿ. ಬೀಗ ಅವಳ ಕೈಗಿಟ್ಟು "ಸಾರಿ" ಅಂದೆ. ಅವಳು "ತಕ್, ತಕ್" ಅಂದಳು, ಅಂದರೆ ಥ್ಯಾಂಕ್ಸ್. ಮುಗಿಯಿತು. ಇಲ್ಲಿಯವರಲ್ಲಿ ನನಗೆ ಹಿಡಿಸುವುದು ಇದೇ. ಚೀಟಿಯಲ್ಲಿ ಬೈಯುತ್ತಾರೆ, ಎದುರಿಗೆ ಬಂದರೆ ವಿಷಯ ಎತ್ತುವುದಿಲ್ಲ.

ಹೊರಡಬೇಕು, ಅಷ್ಟರಲ್ಲಿ ಬೋರ್ಡಿನ ಮೂಲೆಯಲ್ಲಿ ಒಂದು ಬೀಗ ಕಣ್ಣಿಗೆ ಬಿತ್ತು. ಹಳದಿ ಬಣ್ಣ. ಮೇಲೆ ನಂಬರೇ ಇಲ್ಲ.

"ಇದು ಯಾರದು?" ಅಂತ ಬೆರಳು ತೋರಿಸಿದೆ.

ಗುನಿಲ್ಲ ತನಗೆ ಬರುವ ಇಂಗ್ಲಿಷಿನಲ್ಲಿ, ಕೈಯಲ್ಲಿ ನಲ್ಲಿ ತಿರುಗಿಸುವ ಹಾಗೆ ಮಾಡಿ ಹೇಳಿದಳು. ಕೇರ್‌ಟೇಕರ್‌ನದು. ಬಿಲ್ಡಿಂಗಿನ ಬಲ್ಬು ನಲ್ಲಿ ರಿಪೇರಿ ಮಾಡುವವನು. ಮೆಟ್ಟಿಲು ಒರೆಸುವ ಬಟ್ಟೆ ಒಗೆಯಲು ಅವನಿಗೂ ಹೊತ್ತು ಬೇಕು. ಅವನು ಇಲ್ಲಿ ವಾಸ ಮಾಡುವುದಿಲ್ಲ. ಅವನಿಗೆ ಮನೆ ಇಲ್ಲ, ಮನೆ ನಂಬರೂ ಇಲ್ಲ.

ಬುಕ್ ಮಾಡೋದು ಮನೆಯವರೇ ತಾನೇ ಅಂದಿದ್ದಳಲ್ಲ ಸುಮಾ!

ಅಲ್ಲಿಂದಲೇ ಫೋನ್ ಮಾಡಿದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ. ಮೆಟ್ಟಿಲು ಹತ್ತಿ ಓಡಿದೆ (ಈ ಮಂಡಿಯಲ್ಲಿ). ಮತ್ತೆ ಮಾಡಿದೆ. ಸ್ವಿಚ್ ಆಫ್. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಹರೀಶನಿಗೆ ಮಾಡಿದೆ.

"ಕೇರ್‌ಟೇಕರ್‌ಗೆ ಮನೆ ಇಲ್ವಂತೆ ಕಣೋ!"

"ಅಮ್ಮ, ನಾನು ಮೀಟಿಂಗಿನಲ್ಲಿದ್ದೇನೆ. ಯಾವ ಕೇರ್‌ಟೇಕರ್? ಅವನಿಗೆ ಮನೆ ಕೊಡಿಸೋದು ನಾವಾ?"

ಫೋನ್ ಇಟ್ಟೆ. ಅಷ್ಟೇ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬೀನ್ಸ್ ಹೆಚ್ಚಿ ಆಗಿತ್ತು, ಹೆಚ್ಚಿದ್ದನ್ನು ಇನ್ನೂ ಸಣ್ಣಗೆ ಹೆಚ್ಚಿದೆ.

ಎರಡು ಗಂಟೆಗೆ ಸುಮಾ ಬಂದಳು. ಬಾಗಿಲಲ್ಲಿ ನಿಂತು ಶೂ ಬಿಚ್ಚಿ, ಅದರೊಳಗಿನ ಸಣ್ಣ ಜಲ್ಲಿ ಕೊಡವಿದಳು. ನಿಧಾನವಾಗಿ, ಒಂದೊಂದೇ ಶೂ. ನನಗೆ ಆ ಶೂ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು.

"ಕೇರ್‌ಟೇಕರ್ ಬಂದನಾ?" ಅಂದೆ.

ಅವಳು ತಲೆಯೆತ್ತಿದಳು. "ನಿಮಗೆ ಹೇಗೆ ಗೊತ್ತು?"

ಬಂದಿದ್ದ. ಮೊದಲು ಎಲ್ಲ ಸರಿಯಾಗಿಯೇ ನಡೆಯಿತಂತೆ. ಹದಿನಾಲ್ಕನೇ ಮನೆ ಎರಡನೇ ಸಲ ಬಂದಾಗ ಪ್ರೋಗ್ರಾಮು ಆಗಲ್ಲ ಅಂದಿತು. ಮೇಷ್ಟ್ರು ಚೆನ್ನಾಗಿದೆ ಅಂದರು. (ಇಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ.) ಆಮೇಲೆ ಅವರು ಒಂದು ಹೊಸ ಸಾಲು ಸೇರಿಸಲು ಹೇಳಿದರು, ಕೇರ್‌ಟೇಕರ್ ಒಂದು ಹೊತ್ತು ಬುಕ್ ಮಾಡಲಿ ಅಂತ. ಸುಮಾ ಸೇರಿಸಿದಳು. ಓಡಿಸಿದಳು. ಪ್ರೋಗ್ರಾಮು ಕೇರ್‌ಟೇಕರ್‌ನನ್ನು ಹಿಡಿದು ಇವನೂ ಒಂದು ಮನೆಯೇ ಅಂದುಕೊಂಡು ನಂಬರ್ ಓದಲು ಹೋಯಿತು. ಢಮಾರ್. ಪರದೆ ತುಂಬಾ ಕೆಂಪು ಅಕ್ಷರ.

"ಆಮೇಲೆ?"

"ಎರಡು ನಿಮಿಷ ನನಗೆ ಏನೂ ಕಾಣಿಸಲಿಲ್ಲ ಅತ್ತೆ. ಆಮೇಲೆ ಆ ಕೆಂಪು ಸಾಲನ್ನು ಗಟ್ಟಿಯಾಗಿ ಓದಿದೆ. ಇದು ಮನೆ ಅಲ್ಲ, ನಾನು ಮನೆ ಅಂತ ಹೇಳಿದ್ದೆ, ನೋಡದೆ ಹೇಳಿದ್ದೆ ಅಂದೆ. ಯಾವ ಸಾಲು ಅಂತ ಅವರು ಕೇಳಿದರು. ತೋರಿಸಿದೆ. ಅದರ ಮೇಲೆ ಇನ್‌ಸ್ಟನ್ಸ್‌ಆಫ್ ಬರೆದೆ. ಮನೆ ಅಲ್ಲದಿದ್ದರೆ ಒಂದೇ ಅಲ್ಲ ಅಂತ ಅಲ್ಲಿಗೇ ಮುಗಿಸು, ಮನೆಯಾದರೆ ಮಾತ್ರ ನಂಬರು ನೋಡು. ಓಡಿಸಿದೆ. ಓಡ್ತು."

"ಮೇಷ್ಟ್ರು ಏನಂದರು?"

"ಮೊದಲೇ ಸರಿ ಇದ್ದಿದ್ದರೆ ಇಷ್ಟು ಹೊತ್ತು ಮಾತಾಡಿಸ್ತಿರಲಿಲ್ಲ, ಈಗ ಇದು ನಿನ್ನದೇ ಕೋಡ್ ಅಂತ ಗೊತ್ತಾಯ್ತು ಅಂದರು."

ಪಾಸು. ಶೀಸ್ತಾದ ಜಾಗ ಅವಳದೇ.

ಕಣ್ಣೀರು, ಅಪ್ಪುಗೆ ಅಂತೆಲ್ಲ ನೀವು ಕಾಯುತ್ತಿದ್ದರೆ ಕ್ಷಮಿಸಿ. "ಕೈಕಾಲು ತೊಳೆದು ಊಟ ಮಾಡು, ಬೀನ್ಸ್ ಪಲ್ಯ ಇದೆ" ಅಂದೆ. ಅವಳು ತಿಂದಳು. ಬೀನ್ಸ್ ಯಾಕೆ ಇಷ್ಟು ಪುಡಿಪುಡಿ ಅಂತ ಕೇಳಿದಳು. ನಾನು ತಟ್ಟೆಗೆ ಇನ್ನಷ್ಟು ಬಡಿಸಿದೆ.

ಸಂಜೆ ಹರೀಶ ಬಂದ. ವಿಷಯ ಕೇಳಿ ನಿಜವಾಗಿಯೂ ಖುಷಿಪಟ್ಟ, ಅದನ್ನು ಇಲ್ಲ ಅನ್ನಲಾರೆ. ಆದರೆ ಅವನ ಬಾಯಿ ಸುಮ್ಮನಿರಬೇಕಲ್ಲ? ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ ಕೇಳಿದ: "ಈಕ್ವಲ್ಸ್ ಬರೆದೆ ಸರಿ. ಹ್ಯಾಶ್‌ಕೋಡ್ ಬರೆದ್ಯಾ? ಬಿಗಿನರ್ಸ್ ಎಲ್ಲ ಅದನ್ನು ಮರೀತಾರೆ."

(ಅದೇನು ಅಂತ ನನಗೆ ಗೊತ್ತಿಲ್ಲ. ಈಕ್ವಲ್ಸ್ ಬರೆದವರು ಅದನ್ನೂ ಬರೆಯಲೇಬೇಕಂತೆ.)

"ಬರೆದಿದ್ದೇನೆ" ಅಂದಳು ಸುಮಾ. "ಯಾಕೆ ಬರೆದೆ ಅಂತ ಬೇಕಾದರೆ ಕೇಳಿ."

ಅವನು ಇನ್ನೊಂದು ಸೌಟು ಸಾರು ಹಾಕಿಕೊಂಡ.

ಬರುವ ಸೋಮವಾರದಿಂದ ಅವಳು ಏಳಕ್ಕೆ ಮನೆ ಬಿಡಬೇಕು, ವಾಪಸ್ ಬರುವಾಗ ಸಂಜೆ ಆರು. ಇಷ್ಟು ದಿನ ಮಧ್ಯಾಹ್ನ ಮೂರಕ್ಕೆ ದಾಗಿಸ್‌ನಿಂದ ಮಗುವನ್ನು ಕರೆತರುತ್ತಿದ್ದವಳು ಅವಳೇ. ಇನ್ನು ಯಾರು ಅಂತ ಸುಮಾ ತಟ್ಟೆ ನೋಡಿಕೊಂಡೇ ಮೆಲ್ಲಗೆ ಕೇಳಿದಳು.

ಹರೀಶ ನನ್ನ ಕಡೆ ನೋಡಿದ. ನಾನು ಹರೀಶನ ಕಡೆ ನೋಡಿದೆ, ಇದನ್ನು ಬರೆಯುವ ಹೊತ್ತಿಗೂ ನೋಡುತ್ತಲೇ ಇದ್ದೇನೆ.